ನೆಲವು ಸರಕಾದ ಬಗೆ

ಕಡಿಯಾಳಿಯಿಂದ ಮಣಿಪಾಲದವರೆಗೆ ಇಂದು ಭೂಮಿಯ ಬೆಲೆಯನ್ನು ಸೆಂಟ್ಸಿನ ಲೆಕ್ಕದಲ್ಲಿ ಹೇಳುತ್ತಾರೆ. ಈ ಪೇಟೆ ತಾನಾಗಿಯೇ ಬೆಳೆಯಿತೆಂದೂ ಸರಕಾರವು ಅದರ ಹೊರಗೆ ನಿಂತ ಕಾವಲುಗಾರನೆಂದೂ ಹಲವರ ನಂಬಿಕೆ. ಚರಿತ್ರೆಯು ಹಾಗೆ ಹೇಳುವುದಿಲ್ಲ.

1799ರಲ್ಲಿ ಕನ್ನಡ ಜಿಲ್ಲೆಯು ಕುಂಪಣಿಯ ಕೈಸೇರಿತು. ಮೊದಲ ಕಲೆಕ್ಟರನಾದ ಥಾಮಸ್ ಮನ್ರೋ ಇಲ್ಲಿಯ ನೆಲದಲ್ಲಿ ಖಾಸಗಿ ಒಡೆತನವು ಪೂರ್ವದಿಂದಲೂ ಇತ್ತೆಂದು ಬರೆದನು. ಒಡೆತನ ಹಳೆಯದೇ, ಅದನ್ನು ಊರ್ಜಿತಗೊಳಿಸುವ ಕೋರ್ಟು, ಕಚೇರಿ, ರಿಜಿಸ್ಟ್ರಿಗಳು ಮಾತ್ರ ಕುಂಪಣಿಯ ಕಾಲದಿಂದೀಚೆಗೆ ಬೆಳೆದವು. ತೀರ್ವೆಯನ್ನು ನಗದಾಗಿ ತೆರಬೇಕು. ಅದಕ್ಕಾಗಿ ವರ್ಗದಾರನು ಅಕ್ಕಿಯನ್ನು ಮಾರಲೇಬೇಕು. 1830ರ ಸುಮಾರಿಗೆ ಧಾನ್ಯದ ಬೆಲೆ ಕುಸಿಯಿತು, ತೀರ್ವೆ ಇಳಿಯಲಿಲ್ಲ. 1830-31ರಲ್ಲಿ ರೈತರು ಕೂಟಗಳಾಗಿ ನೆರೆದು ಕಂದಾಯ ಕೊಡೆವೆಂದರು. ಪೇಟೆಯ ಏರಿಳಿತದ ಭಾರ ಯಾರ ಮೇಲೆ ಬೀಳುತ್ತದೆಂಬುದನ್ನು ಅಂದೇ ಈ ಜಿಲ್ಲೆ ಅರಿತಿತ್ತು.

ಚಾಲಗೇಣಿಯ ಒಕ್ಕಲಿಗಂತೂ ಈ ಪೇಟೆಯಲ್ಲಿ ಸ್ಥಾನವೇ ಇರಲಿಲ್ಲ. ಗದ್ದೆಯನ್ನು ಉತ್ತವನು ಅವನು, ಮಾರಬಲ್ಲವನು ಧಣಿ. ಭೂಸುಧಾರಣೆಯ 1974ರ ತಿದ್ದುಪಡಿಯು ಗೇಣಿಯನ್ನು ಅಳಿಸಿ, ಡಿಕ್ಲರೇಶನ್ ಕೊಟ್ಟು ಹಕ್ಕನ್ನು ಸ್ಥಾಪಿಸಿದ ಒಕ್ಕಲನ್ನೇ ಒಡೆಯನನ್ನಾಗಿಸಿತು. ಕೃಷಿಕರಲ್ಲದವರು ಕೃಷಿಭೂಮಿಯನ್ನು ಕೊಳ್ಳಬಾರದೆಂಬ ತಡೆಯನ್ನು ಇಟ್ಟದ್ದೂ ಕಾನೂನು. 2020ರಲ್ಲಿ ಅದನ್ನು ತೆಗೆದದ್ದೂ ಕಾನೂನು.

ಹೀಗಿರುವಾಗ ಸರಕಾರವು ಪೇಟೆಯಲ್ಲಿ ಕೈಹಾಕಬೇಕೆ, ಬೇಡವೆ ಎಂಬ ಚರ್ಚೆಗೆ ಅರ್ಥ ಕಡಿಮೆ. ಕಟ್ಟಿದ ಕೈಯೂ ಬಿಚ್ಚಿದ ಕೈಯೂ ಅದರದೇ. ಆ ಕೈ ಉಳುವವನ ಕಡೆಗೆ ಚಾಚಿದೆಯೋ ಕೊಳ್ಳುವವನ ಕಡೆಗೆ ಚಾಚಿದೆಯೋ ಎಂದು ಕೇಳುವ ಹಕ್ಕು ಪ್ರಜೆಗಳದು. ಒಮ್ಮೆ ಮಾರಿಹೋದ ಗದ್ದೆಯು ಮತ್ತೆ ಒಕ್ಕಲಿಗೆ ಬರುವುದು ಸುಲಭವಲ್ಲ.