ಪುಸ್ತಕದಂಗಡಿಯ ಸೇನಾನಿ ಹೆನ್ರಿ ನಾಕ್ಸ್

“ಪುಸ್ತಕದ ಬದನೆಕಾಯಿ” ಎಂಬ ಮಾತನ್ನು ಕೇಳದ ಕನ್ನಡಿಗರಿಲ್ಲ. ಓದಿನಿಂದ ಬಂದ ಅರಿವು ಬಾಳಿನ ಕೆಲಸಕ್ಕೆ ಒದಗದೆಂಬುದು ಅದರ ಅಭಿಪ್ರಾಯ. ಇದರ ಜೊತೆಗೆ ಇನ್ನೊಂದು ನಂಬಿಕೆಯೂ ಹಲವು ಮನೆಗಳಲ್ಲಿ ಉಂಟು. ಬಡತನದ ದೆಸೆಯಿಂದ ಶಾಲೆ ಬಿಟ್ಟ ಹುಡುಗನಿಗೆ ವಿದ್ಯೆಯ ಬಾಗಿಲು ಮುಚ್ಚಿಹೋಯಿತೆಂದು ಹಿರಿಯರು ನಿಟ್ಟುಸಿರು ಬಿಡುವುದುಂಟು. ಈ ಎರಡು ಮಾತುಗಳಲ್ಲಿ ನಿಜವೆಷ್ಟೆಂಬುದನ್ನು ಅಮೆರಿಕದ ಸ್ವಾತಂತ್ರ್ಯ ಯುದ್ಧದ ಒಬ್ಬ ಸೇನಾಧಿಕಾರಿಯ ಜೀವನದಿಂದ ಪರೀಕ್ಷಿಸಿ ನೋಡಬಹುದು. ಆತನ ಹೆಸರು ಹೆನ್ರಿ ನಾಕ್ಸ್.

ನಾಕ್ಸನು ೧೭೫೦ನೆಯ ಇಸವಿ ಜುಲೈ ೨೫ರಂದು ಬಾಸ್ಟನ್ ನಗರದಲ್ಲಿ ಜನಿಸಿದನು. ತಂದೆಯು ಹಡಗಿನ ಕಸುಬಿನವನು. ವ್ಯವಹಾರ ಕೆಟ್ಟು ಆತನು ವೆಸ್ಟ್ ಇಂಡೀಸ್ ದ್ವೀಪಗಳಿಗೆ ಹೊರಟುಹೋಗಿ ೧೭೬೨ರಲ್ಲಿ ಅಲ್ಲಿಯೇ ತೀರಿಕೊಂಡನು. ತಾಯಿಯನ್ನೂ ಪುಟ್ಟ ತಮ್ಮನನ್ನೂ ಸಾಕುವ ಭಾರವು ಹೆನ್ರಿಯ ಮೇಲೆ ಬಿದ್ದಿತು. ಇನ್ನೂ ಬಾಲಕನಾಗಿರುವಾಗಲೇ ಶಾಲೆ ಬಿಟ್ಟು ಪುಸ್ತಕದಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದನು. ಅಂಗಡಿಯ ಯಜಮಾನನು ಪುಸ್ತಕಗಳನ್ನು ಮನೆಗೆ ಕೊಂಡೊಯ್ದು ಓದಲು ಅನುಮತಿಯಿತ್ತನು. ಹುಡುಗನು ಚರಿತ್ರೆಯನ್ನೂ ಗಣಿತವನ್ನೂ ಓದಿದನು; ಫ್ರೆಂಚ್ ಭಾಷೆಯನ್ನು ತಾನೇ ಕಲಿತನು; ಕೋಟೆ ಕಟ್ಟುವ ಮತ್ತು ತೋಪು ಹಾರಿಸುವ ವಿದ್ಯೆಯ ಗ್ರಂಥಗಳಲ್ಲಿ ಅವನಿಗೆ ವಿಶೇಷ ಆಸಕ್ತಿ ಹುಟ್ಟಿತು. ೧೭೭೧ರಲ್ಲಿ, ೨೧ನೆಯ ವಯಸ್ಸಿಗೆ, ಸ್ವಂತ ಅಂಗಡಿಯನ್ನೇ ತೆರೆದನು. ಅಲ್ಲಿಗೆ ಬರುತ್ತಿದ್ದ ಬ್ರಿಟಿಷ್ ಸೈನ್ಯಾಧಿಕಾರಿಗಳೊಡನೆ ಮಾತನಾಡಿ, ಪುಸ್ತಕದಲ್ಲಿ ತಿಳಿಯದುದನ್ನು ಅವರಿಂದ ತಿಳಿದುಕೊಂಡನು.

೧೭೭೫ರ ಏಪ್ರಿಲ್ ತಿಂಗಳಲ್ಲಿ ಬ್ರಿಟನ್ನಿಗೂ ಅದರ ಅಮೆರಿಕನ್ ವಸಾಹತುಗಳಿಗೂ ಯುದ್ಧ ಹೊತ್ತಿಕೊಂಡಿತು. ನಾಕ್ಸನ ಹೆಂಡತಿ ಲೂಸಿಯು ಅರಸನ ಪಕ್ಷದ ದೊಡ್ಡ ಅಧಿಕಾರಿಯ ಮಗಳು. ಆಕೆ ತವರನ್ನು ತೊರೆದು ಗಂಡನೊಡನೆ ಬಾಸ್ಟನ್ ಬಿಟ್ಟು ಹೊರಟಳು. ಬಳಿಕ ತಂದೆತಾಯಿಗಳ ಮುಖವನ್ನು ಎಂದೂ ಕಾಣಲಿಲ್ಲ. ಇತ್ತ ಅಂಗಡಿಯೂ ಲೂಟಿಯಾಯಿತು.

ಆಗಿನ ಪರಿಸ್ಥಿತಿಯನ್ನು ಸ್ವಲ್ಪ ವಿವರಿಸಬೇಕು. ಬ್ರಿಟಿಷರು ಬಾಸ್ಟನ್ ನಗರದೊಳಗಿದ್ದರು; ವಾಷಿಂಗ್ಟನ್ನನ ಸೈನ್ಯವು ನೆಲದ ಕಡೆಯಿಂದ ಅವರನ್ನು ಸುತ್ತುವರಿದಿತ್ತು. ಆದರೆ ಕಡಲ ದಾರಿ ತೆರೆದಿದ್ದುದರಿಂದ ಅವರಿಗೆ ಹಡಗುಗಳಲ್ಲಿ ಆಹಾರವೂ ಮದ್ದುಗುಂಡೂ ಬರುತ್ತಿದ್ದವು. ಬಂದರಿಗೆ ತಾಗುವಂತೆ ಗುಂಡೆಸೆಯಬಲ್ಲ ದೊಡ್ಡ ತೋಪುಗಳು ವಾಷಿಂಗ್ಟನ್ನನಲ್ಲಿ ಸಾಕಷ್ಟು ಇರಲಿಲ್ಲ. ಅಂಥ ತೋಪುಗಳಿದ್ದುದು ಸುಮಾರು ೩೦೦ ಮೈಲಿ ದೂರದ ಟೈಕಾಂಡರೋಗ ಕೋಟೆಯಲ್ಲಿ. ಆ ಕೋಟೆಯನ್ನು ಮೇ ತಿಂಗಳಲ್ಲಿಯೇ ಅಮೆರಿಕನ್ನರು ಗೆದ್ದುಕೊಂಡಿದ್ದರು. ಅವುಗಳನ್ನು ತರುವ ಹೊಣೆಯನ್ನು ವಾಷಿಂಗ್ಟನ್ನನು ೨೫ ವರ್ಷದ ನಾಕ್ಸನಿಗೆ ವಹಿಸಿದನು.

ಡಿಸೆಂಬರ್ ೫ರಂದು ಕೋಟೆಯನ್ನು ಸೇರಿದ ನಾಕ್ಸನು ೫೯ ತೋಪುಗಳನ್ನು ಆರಿಸಿಕೊಂಡನು. ಒಟ್ಟು ತೂಕ ಸುಮಾರು ೬೦ ಟನ್ನು. ಮೊದಲು ಸರೋವರದ ಮೇಲೆ ದೋಣಿಗಳಲ್ಲಿ ಸಾಗಿಸಿ, ಬಳಿಕ ಹಿಮದ ಮೇಲೆ ಜಾರುವ ಗಾಲಿಯಿಲ್ಲದ ಬಂಡಿಗಳಿಗೆ ಏರಿಸಿ ಎತ್ತು ಕುದುರೆಗಳಿಂದ ಎಳೆಸಬೇಕಾಗಿತ್ತು. ಹದಿನಾರು ಹದಿನೇಳು ದಿನಗಳಲ್ಲಿ ತಲುಪಿಸುವೆನೆಂದು ಆತನು ಬರೆದಿದ್ದನು. ಆದರೆ ಹಿಮ ಬೀಳುವುದು ತಡವಾಯಿತು. ಹಡ್ಸನ್ ನದಿಯ ಮೇಲಿನ ಮಂಜುಗಡ್ಡೆ ತೆಳುವಾಗಿತ್ತು. ಆಗ ಆತನು ಮಂಜುಗಡ್ಡೆಯಲ್ಲಿ ತೂತುಗಳನ್ನು ಕೊರೆಯಿಸಿದನು. ಕೆಳಗಿನ ನೀರು ಮೇಲಕ್ಕುಕ್ಕಿ ಹರಡಿ, ಚಳಿಗೆ ಹೆಪ್ಪುಗಟ್ಟಿ, ಹೊಸ ಪದರವಾಗುವುದು. ಹೀಗೆ ದಾರಿ ದಪ್ಪವಾಗುವುದು. ಆದರೂ ಒಂದು ತೋಪು ಗಡ್ಡೆಯೊಡೆದು ನೀರಿಗೆ ಬಿದ್ದಿತು. ಸಮೀಪದ ಆಲ್ಬನಿ ಊರಿನ ಜನರ ನೆರವಿನಿಂದ ಅದನ್ನು ಮೇಲೆತ್ತಿದರು. ಮುಂದೆ ಬರ್ಕ್‌ಷೈರ್ ಬೆಟ್ಟಗಳ ಇಳಿಜಾರನ್ನು ಕಂಡು ಬಂಡಿ ಹೊಡೆಯುವವರು ಹಿಂದೆಗೆದರು. ನಾಕ್ಸನು ಮೂರು ಗಂಟೆಗಳ ಕಾಲ ಅವರ ಮನವೊಲಿಸಿ ಮುಂದೆ ನಡೆಸಿದನು. ೧೭೭೬ರ ಜನವರಿಯ ಕೊನೆಯ ಹೊತ್ತಿಗೆ ತೋಪುಗಳು ವಾಷಿಂಗ್ಟನ್ನನ ಪಾಳೆಯದ ಸಮೀಪಕ್ಕೆ ಬಂದವು.

ಅವುಗಳನ್ನು ಏರಿಸಬೇಕಾಗಿದ್ದುದು ಬಂದರಿನ ಮೇಲೆ ಕಣ್ಣಿಟ್ಟಂತಿರುವ ಡಾರ್ಚೆಸ್ಟರ್ ಗುಡ್ಡಗಳ ಮೇಲೆ. ಆದರೆ ನೆಲವು ಚಳಿಗೆ ಕಲ್ಲಿನಂತಾಗಿ ಗುದ್ದಲಿಗೆ ಬಗ್ಗುತ್ತಿರಲಿಲ್ಲ. ಇಲ್ಲಿಯೂ ಪುಸ್ತಕವೇ ದಾರಿ ತೋರಿಸಿತು. ಹೆಚ್ಚು ಶಾಲೆ ಕಾಣದ ರೂಫಸ್ ಪಟ್ನಮ್ ಎಂಬ ಇನ್ನೊಬ್ಬ ಅಧಿಕಾರಿಯು, ಮೇಲಧಿಕಾರಿಯ ಬಳಿಯಿದ್ದ ಯುದ್ಧಶಾಸ್ತ್ರದ ಗ್ರಂಥವನ್ನು ಕೇಳಿ ಪಡೆದು ತಿರುವಿಹಾಕಿದಾಗ, ನೆಲ ಅಗೆಯದೆ ಮರದ ಚೌಕಟ್ಟುಗಳೊಳಗೆ ಕಟ್ಟಿಗೆಯ ಹೊರೆಗಳನ್ನು ತುಂಬಿ ಮರೆಗೋಡೆ ನಿಲ್ಲಿಸುವ ಉಪಾಯವು ಕಣ್ಣಿಗೆ ಬಿದ್ದಿತು. ಮಾರ್ಚ್ ೪ರ ರಾತ್ರಿ ಇವೆಲ್ಲವನ್ನೂ ಗುಡ್ಡಕ್ಕೆ ಏರಿಸಿದರು. ಬೆಳಗಾದಾಗ ಬ್ರಿಟಿಷರಿಗೆ ತಲೆಯ ಮೇಲೆ ಹೊಸ ಕೋಟೆಯೇ ಕಾಣಿಸಿತು. ಮಾರ್ಚ್ ೧೭ರಂದು ಅವರು ಹಡಗನ್ನೇರಿ ಬಾಸ್ಟನ್ ಬಿಟ್ಟು ಹೋದರು.

ಅದೇ ವರ್ಷದ ಡಿಸೆಂಬರ್ ೨೫ರ ರಾತ್ರಿ ಮಂಜುಗಡ್ಡೆ ತೇಲುತ್ತಿದ್ದ ಡೆಲವೇರ್ ನದಿಯನ್ನು ಸುಮಾರು ೨,೪೦೦ ಸೈನಿಕರೂ ೧೮ ತೋಪುಗಳೂ ದಾಟಿದಾಗ, ಬಿರುಗಾಳಿಯನ್ನು ಮೀರಿದ ಗಂಟಲಿನಿಂದ ಆಜ್ಞೆಗಳನ್ನು ಕೂಗಿ ನಡೆಸಿದವನು ನಾಕ್ಸನೇ. ಮರುದಿನ ಟ್ರೆಂಟನ್ ಊರಿನಲ್ಲಿ ಜಯ ದೊರೆಯಿತು. ಆತನು ಬ್ರಿಗೇಡಿಯರ್ ಜನರಲ್ ಆದನು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಪುಸ್ತಕಕ್ಕೆ ಬರಿಯ ಸ್ತುತಿಪಾಠವಾದೀತು. ೧೭೭೭ರ ಅಕ್ಟೋಬರ್ ೪ರಂದು ಜರ್ಮನ್‌ಟೌನ್ ಯುದ್ಧದಲ್ಲಿ ಸುಮಾರು ನೂರಿಪ್ಪತ್ತು ಬ್ರಿಟಿಷ್ ಸೈನಿಕರು ಗಟ್ಟಿಯಾದ ಕಲ್ಲಿನ ಮನೆಯೊಂದನ್ನು ಹೊಕ್ಕು ಬಾಗಿಲು ಭದ್ರಪಡಿಸಿಕೊಂಡರು. ಅವರನ್ನು ಅಲ್ಲಿಯೇ ಬಿಟ್ಟು ಮುಂದುವರಿಯೋಣವೆಂದು ಕೆಲವರೆಂದರು. ಶತ್ರುವಿನ ಕೋಟೆಯನ್ನು ಬೆನ್ನ ಹಿಂದೆ ಬಿಟ್ಟು ಹೋಗಬಾರದೆಂಬ ಗ್ರಂಥದ ನಿಯಮವನ್ನು ನಾಕ್ಸನು ಹಿಡಿದನು, ವಾಷಿಂಗ್ಟನ್ನನು ಒಪ್ಪಿದನು. ಆತನ ತೋಪುಗಳು ಆ ಗೋಡೆಗಳನ್ನು ಕೆಡವಲಾರದೆ ಹೋದವು. ಅಮೂಲ್ಯವಾದ ಕಾಲವೂ ಅನೇಕರ ಪ್ರಾಣವೂ ಅಲ್ಲಿ ವ್ಯರ್ಥವಾದವು. ದಟ್ಟ ಮಂಜಿನ ಗೊಂದಲವೂ ಸೇರಿ ಅಂದಿನ ಯುದ್ಧವು ಸೋಲಿನಲ್ಲಿ ಮುಗಿಯಿತು. ನಿಯಮವು ಸುಳ್ಳಾಗಿರಲಿಲ್ಲ, ಆದರೆ ಆ ಮನೆ ಕೋಟೆಯಾಗಿರಲಿಲ್ಲ. “ಪುಸ್ತಕದ ಬದನೆಕಾಯಿ” ಎಂಬ ಮಾತು ಸಲ್ಲುವುದು ಇಂಥಲ್ಲಿ.

ನಾಕ್ಸನು ಈ ಸೋಲಿನಿಂದ ಓದನ್ನು ಬಿಡಲಿಲ್ಲ. ೧೭೭೮–೭೯ರ ಚಳಿಗಾಲದಲ್ಲಿ ಪ್ಲಕೆಮಿನ್ ಎಂಬಲ್ಲಿ ಫಿರಂಗಿದಳದ ಅಧಿಕಾರಿಗಳಿಗಾಗಿ ಪಾಠಶಾಲೆಯನ್ನು ನಡೆಸಿ, ಪಾಠವನ್ನೂ ಅಭ್ಯಾಸವನ್ನೂ ಜೊತೆಗೂಡಿಸಿದನು. ಅದರ ಫಲವು ೧೭೮೧ರಲ್ಲಿ ಯಾರ್ಕ್‌ಟೌನಿನಲ್ಲಿ ಕಂಡಿತು. ಅಮೆರಿಕದ ಮತ್ತು ಅದಕ್ಕೆ ನೆರವಾಗಿ ಬಂದ ಫ್ರಾನ್ಸಿನ ತೋಪುಗಳು ಅಕ್ಟೋಬರ್ ೯ರಿಂದ ಗುಂಡಿನ ಮಳೆಗರೆದವು. ೧೯ರಂದು ಬ್ರಿಟಿಷ್ ಸೈನ್ಯವು ಶರಣಾಯಿತು. ಹಾಗೆ ಶರಣಾದ ಸೇನಾಪತಿ ಬೇರೆ ಯಾರೂ ಅಲ್ಲ. ಮುಂದೆ ೧೭೯೧ರಲ್ಲಿ ಬೆಂಗಳೂರನ್ನು ಹಿಡಿದು, ೧೭೯೨ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಪಡೆದ ಕಾರ್ನ್‌ವಾಲೀಸನೇ. ನಮ್ಮ ಚರಿತ್ರೆಯ ಪಾಠದಲ್ಲಿ ಗೆದ್ದವನಾಗಿ ಕಾಣುವ ಆತನು ಸೋತುದು ಹೇಗೆಂಬುದನ್ನು ಮಕ್ಕಳು ಇಲ್ಲಿ ನೋಡಬಹುದು.

೧೭೮೩ರ ಡಿಸೆಂಬರ್ ೪ರಂದು ವಾಷಿಂಗ್ಟನ್ನನು ತನ್ನ ಅಧಿಕಾರಿಗಳಿಂದ ಬೀಳ್ಕೊಳ್ಳುವಾಗ ಕಣ್ಣೀರಿನೊಡನೆ ಮೊದಲು ಅಪ್ಪಿಕೊಂಡುದು ನಾಕ್ಸನನ್ನು. ೧೭೮೫ರಿಂದ ೧೭೯೪ರವರೆಗೆ ಆತನು ಯುದ್ಧಖಾತೆಯ ಕಾರ್ಯದರ್ಶಿಯಾಗಿದ್ದನು. ಕೊನೆಯ ದಿನಗಳು ಸುಖದವಲ್ಲ. ಹದಿಮೂರು ಮಕ್ಕಳಲ್ಲಿ ಹೆಚ್ಚಿನವರು ಎಳವೆಯಲ್ಲೇ ತೀರಿಕೊಂಡರು. ಭೂಮಿಯ ವ್ಯವಹಾರದಲ್ಲಿ ಸಾಲವೂ ಬೆಳೆಯಿತು. ೧೮೦೬ರ ಅಕ್ಟೋಬರ್ ೨೫ರಂದು ಆತನು ಮರಣ ಹೊಂದಿದನು.

ಆರಂಭದಲ್ಲಿ ಹೇಳಿದ ಎರಡು ಮಾತುಗಳಿಗೆ ಈಗ ಉತ್ತರ ದೊರೆಯಿತೆಂದು ಭಾವಿಸುತ್ತೇನೆ. ಶಾಲೆ ಬಿಡಬೇಕಾಗಿ ಬಂದುದು ನಾಕ್ಸನ ದುರ್ದೈವ. ಆದರೆ ಆತನು ಓದನ್ನು ಬಿಡಲಿಲ್ಲ, ಯಜಮಾನನೂ ಪುಸ್ತಕವನ್ನು ಅಡಗಿಸಿಡಲಿಲ್ಲ. ತಾಯಿತಂದೆಗಳು ಆ ಯಜಮಾನನನ್ನು ನೆನಪಿನಲ್ಲಿಡಬೇಕು. ವಿದ್ಯಾರ್ಥಿಗಳಾದರೋ ಹಡ್ಸನ್ ನದಿಯ ಮಂಜುಗಡ್ಡೆಯನ್ನೂ ಜರ್ಮನ್‌ಟೌನಿನ ಕಲ್ಲುಮನೆಯನ್ನೂ ಒಟ್ಟಿಗೆ ನೆನೆದು, ಓದಿದುದನ್ನು ಎದುರಿಗಿರುವ ವಸ್ತುವಿನೊಡನೆ ಹೋಲಿಸಿ ನೋಡುವ ಅಭ್ಯಾಸವನ್ನು ಈಗಿನಿಂದಲೇ ಬೆಳೆಸಿಕೊಳ್ಳಬೇಕು.