ಆಸ್ಪತ್ರೆ ಚೀಟಿಯ ಪದ ಬಿಡಿಸುವ ಬಗೆ

ಎದುರುಮನೆಯ ಅಜ್ಜಿ ಆಪರೇಷನ್ ಮುಗಿಸಿಕೊಂಡು ಮನೆಗೆ ಬಂದಿದ್ದರು. ಅವರ ಡಿಸ್ಚಾರ್ಜ್ ಚೀಟಿಯಲ್ಲಿ ‘ಲ್ಯಾಪರೊಸ್ಕೋಪಿಕ್ ಕೋಲಿಸಿಸ್ಟೆಕ್ಟಮಿ’ ಎಂದಿತ್ತು. “ಇಷ್ಟುದ್ದ ಹೆಸರು ಅಂದ್ರೆ ಕಾಯಿಲೆ ದೊಡ್ಡದೇ ಇರ್ಬೇಕಲ್ಲಪ್ಪಾ?” ಎಂದು ಕೇಳಿದರು. ಪಿತ್ತಕೋಶದಲ್ಲಿ ಕಲ್ಲಿತ್ತು, ಕೋಶವನ್ನೇ ತೆಗೆದಿದ್ದರು, ಅಷ್ಟೇ.

ಶಾಲೆಯಲ್ಲಿ ಸಮಾಸ ಬಿಡಿಸಿದಂತೆ ಈ ಪದವನ್ನೂ ಬಿಡಿಸಬಹುದು. ಗ್ರೀಕ್ ಭಾಷೆಯಲ್ಲಿ ಕೋಲಿ ಎಂದರೆ ಪಿತ್ತ, ಸಿಸ್ಟ್ ಎಂದರೆ ಚೀಲ, ಎಕ್ಟಮಿ ಎಂದರೆ ಕತ್ತರಿಸಿ ತೆಗೆಯುವುದು. ಲ್ಯಾಪರ ಎಂದರೆ ಪಕ್ಕೆಯ ಕೆಳಗಿನ ಮೆತ್ತನೆಯ ಭಾಗ. ವೈದ್ಯರು ಅದನ್ನು ಹೊಟ್ಟೆಗೆ ಬಳಸುತ್ತಾರೆ. ಸ್ಕೋಪ್ ಎಂದರೆ ನೋಡುವುದು. ಹೊಟ್ಟೆಯಲ್ಲಿ ಸಣ್ಣ ತೂತು ಮಾಡಿ, ಕ್ಯಾಮೆರಾ ಇಳಿಸಿ, ನೋಡಿಕೊಂಡು ಪಿತ್ತದ ಚೀಲ ತೆಗೆದರು ಎಂದಾಯಿತು.

ಓದುವಾಗ ಪದದ ಬಾಲದಿಂದ ಶುರು ಮಾಡಿ. ಏನಾಗಿದೆ, ಏನು ಮಾಡಿದರು ಎಂಬುದು ಬಾಲದಲ್ಲಿರುತ್ತದೆ. ಯಾವ ಅಂಗ ಎಂಬುದು ಅದಕ್ಕೂ ಮುಂದೆ. ‘ಐಟಿಸ್’ ಎಂದು ಮುಗಿದರೆ ಉರಿಯೂತ: ಗ್ಯಾಸ್ಟ್ರೈಟಿಸ್ ಜಠರದ್ದು, ಆರ್ಥ್ರೈಟಿಸ್ ಕೀಲಿನದು, ಹೆಪಟೈಟಿಸ್ ಯಕೃತ್ತಿನದು. ‘ಮೆಗಲಿ’ ಎಂದಿದ್ದರೆ ಅಂಗ ದೊಡ್ಡದಾಗಿದೆ. ‘ಪ್ಲಾಸ್ಟಿ’ ಎಂದರೆ ರೂಪ ಕೊಟ್ಟು ಸರಿಪಡಿಸುವುದು. ಆಂಜಿಯೊ ಎಂದರೆ ರಕ್ತನಾಳ, ಆಂಜಿಯೊಪ್ಲಾಸ್ಟಿ ಗೊತ್ತೇ ಇದೆ.

ಮೂರು ಬಾಲಗಳು ಕಿವಿಗೆ ಒಂದೇ ಥರ ಕೇಳುತ್ತವೆ, ಜೋಪಾನ. ಕೊಲೆಕ್ಟಮಿ ಎಂದರೆ ದೊಡ್ಡ ಕರುಳನ್ನು ಪೂರ್ತಿಯೋ ಭಾಗಶಃವೋ ತೆಗೆಯುವುದು. ಕೊಲಾಟಮಿ ಎಂದರೆ ಅದನ್ನು ಕೊಯ್ಯುವುದು ಮಾತ್ರ. ಕೊಲಾಸ್ಟಮಿ ಎಂದರೆ ಮಲ ಹೊರಬರಲು ಹೊಟ್ಟೆಯ ಮೇಲೆ ಬಾಯಿ ಮಾಡುವುದು.

ಪದದ ಮುಂದೆ ಬರುವ ತುಂಡುಗಳು ನಮಗೆ ಅಷ್ಟೇನೂ ಅಪರಿಚಿತವಲ್ಲ. ಗ್ರೀಕ್, ಸಂಸ್ಕೃತ ಒಂದೇ ಕುಟುಂಬದ ಭಾಷೆಗಳು. ಗ್ರೀಕ್ ‘ಹೈಪರ್’ ನಮ್ಮ ‘ಉಪರಿ’ಯ ನೆಂಟ, ‘ಹೈಪೊ’ ನಮ್ಮ ‘ಉಪ’ದ ನೆಂಟ. ಮೊದಲನೆಯದು ಹೆಚ್ಚು, ಎರಡನೆಯದು ಕಡಿಮೆ. ‘ಇಲ್ಲ’ ಎನ್ನಲು ನಾವು ಅಸಾಧ್ಯ, ಅನಾರೋಗ್ಯ ಎನ್ನುತ್ತೇವಲ್ಲ, ಗ್ರೀಕರದೂ ಅದೇ ಅ, ಅನ್. ಅನೀಮಿಯದಲ್ಲಿರುವುದು ಅದೇ ‘ಅನ್’. ‘ಈಮಿಯ’ ಎಂದರೆ ರಕ್ತದ ಸ್ಥಿತಿ. ಹೈಪೊ, ಈಮಿಯಗಳ ನಡುವೆ ಸಿಹಿ ಎಂಬರ್ಥದ ‘ಗ್ಲೈಸ್’ ಸೇರಿಸಿದರೆ ಹೈಪೊಗ್ಲೈಸೀಮಿಯ: ರಕ್ತದಲ್ಲಿ ಸಕ್ಕರೆ ಇಳಿದಿದೆ. ಹೈಪರ್ ಆದರೆ ಏರಿದೆ.

ಒಂದೇ ಅಂಗಕ್ಕೆ ಎರಡು ಹೆಸರೇಕೆ ಎಂದು ಕೇಳಬಹುದು. ಮೂತ್ರಪಿಂಡದ ವೈದ್ಯರ ಬೋರ್ಡಿನಲ್ಲಿ ನೆಫ್ರಾಲಜಿಸ್ಟ್, ಲ್ಯಾಬ್ ಚೀಟಿಯಲ್ಲಿ ರೀನಲ್ ಫಂಕ್ಷನ್ ಟೆಸ್ಟ್. ಮೊದಲನೆಯದು ಗ್ರೀಕ್, ಎರಡನೆಯದು ಲ್ಯಾಟಿನ್. ಹಿಪೊಕ್ರಟೀಸ್, ಗ್ಯಾಲೆನ್ ಹೆಸರಿನ ಹಳೆಯ ವೈದ್ಯಗ್ರಂಥಗಳು ಗ್ರೀಕ್‌ನಲ್ಲಿದ್ದವು. ಮುಂದೆ ಯೂರೋಪಿನ ವಿದ್ವಾಂಸರ ಭಾಷೆ ಲ್ಯಾಟಿನ್ ಆಯಿತು. 1543ರಲ್ಲಿ ವೆಸಾಲಿಯಸ್ ಅಂಗರಚನೆಯ ದೊಡ್ಡ ಗ್ರಂಥ ಪ್ರಕಟಿಸಿದ್ದೂ ಅದರಲ್ಲೇ. ಹಾಗಾಗಿ ರೋಗ, ಶಸ್ತ್ರಚಿಕಿತ್ಸೆಯ ಹೆಸರುಗಳು ಹೆಚ್ಚಾಗಿ ಗ್ರೀಕ್. ಫೀಮರ್, ಟಿಬಿಯದಂಥ ಮೂಳೆಯ ಹೆಸರುಗಳು ಹೆಚ್ಚಾಗಿ ಲ್ಯಾಟಿನ್.

ಔಷಧಿ ಚೀಟಿಯ ಸಂಕೇತಗಳೂ ಲ್ಯಾಟಿನ್. ಬಿಡಿ ಎಂದರೆ ದಿನಕ್ಕೆ ಎರಡು ಸಲ, ಟಿಡಿಎಸ್ ಎಂದರೆ ಮೂರು ಸಲ, ಎಚ್‌ಎಸ್ ಎಂದರೆ ಮಲಗುವಾಗ. ಎಸ್‌ಒಎಸ್ ನೋಡಿ ಗಾಬರಿ ಬೇಡ, ಬೇಕೆನಿಸಿದರೆ ಮಾತ್ರ ಎಂದರ್ಥ. ಒಡಿ ಎಂದರೆ ದಿನಕ್ಕೊಮ್ಮೆ. ಆದರೆ ಕನ್ನಡಕದ ಚೀಟಿಯಲ್ಲಿ ಅದೇ ಒಡಿ ಬಲಗಣ್ಣು!

ಬಿಡಿಸಿದ ಅರ್ಥವೇ ಪೂರ್ತಿ ಅರ್ಥವೇ? ಯಾವಾಗಲೂ ಅಲ್ಲ. ಅನೀಮಿಯ ಎಂದರೆ ಪದಶಃ ‘ರಕ್ತವಿಲ್ಲ’, ಆದರೆ ಕೊರತೆಯಾಗಿರುವುದು ಹಿಮೋಗ್ಲೋಬಿನ್. ಕಾಯಿಲೆ ಎಷ್ಟು ಜೋರಾಗಿದೆ ಎಂಬುದಂತೂ ಹೆಸರಿನಲ್ಲಿ ಇರುವುದೇ ಇಲ್ಲ.

ಇದನ್ನು ಕಲಿಯಲು ಖರ್ಚಿಲ್ಲ. ಇಂಗ್ಲಿಷ್ ಓದಬಲ್ಲವರಿಗೆ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಮೆಡ್‌ಲೈನ್‌ಪ್ಲಸ್ ಜಾಲತಾಣದಲ್ಲಿ ವೈದ್ಯಕೀಯ ಪದಗಳ ಪಾಠ ಉಚಿತವಾಗಿ ಸಿಗುತ್ತದೆ. ಮೂವತ್ತು ನಲವತ್ತು ತುಂಡು ಗೊತ್ತಾದರೆ ಮನೆಯವರ ಚೀಟಿ ಓದಲು ಬಹುಮಟ್ಟಿಗೆ ಸಾಕು. ಡೋಸ್ ಬದಲಿಸಲು ಮಾತ್ರ ಈ ವಿದ್ಯೆ ಬಳಸಬೇಡಿ. ಥೈರಾಯ್ಡ್ ಎಂದು ವೈದ್ಯರು ಹೇಳಿದರೆ ಹೈಪೊ ಆಗಿದೆಯೋ ಹೈಪರ್ರೋ ಎಂದು ಕೇಳಿ, ಬರೆಸಿಕೊಂಡೇ ಏಳಿ. ಎರಡಕ್ಕೂ ಕೊಡುವ ಮಾತ್ರೆ ಒಂದೇ ಅಲ್ಲ.