ಮರದ ಹೊಗೆಪೈಪು: ಮಿಲಿಮೀಟರುಗಳ ಭೌತವಿಜ್ಞಾನ

ಹಳೆಯ ಚಲನಚಿತ್ರಗಳಲ್ಲಿ ಪತ್ತೇದಾರರೂ ಹಡಗಿನ ಕಪ್ತಾನರೂ ಬಾಯಲ್ಲಿ ಕಚ್ಚಿಕೊಂಡಿರುವ ಮರದ ಪೈಪನ್ನು ನೀವು ನೋಡಿರುತ್ತೀರಿ. ಅದರ ಬಟ್ಟಲಿನೊಳಗೆ ನೂರಾರು ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಕೆಂಡ. ಹೊರಗೆ ಅದೇ ಬಟ್ಟಲನ್ನು ಹಿಡಿದಿರುವ ಬರಿಗೈ. ನಡುವೆ ಇರುವುದು ಕೆಲವೇ ಮಿಲಿಮೀಟರು ದಪ್ಪದ ಮರ. ಆ ಮರ ಏಕೆ ಹೊತ್ತಿಕೊಳ್ಳುವುದಿಲ್ಲ? ಕೈ ಏಕೆ ಸುಡುವುದಿಲ್ಲ? ಇದಕ್ಕೆ ಉತ್ತರ ಮರದ ಗುಣದಲ್ಲಿ ಸ್ವಲ್ಪ, ಅಳತೆಗಳಲ್ಲಿ ಬಹಳಷ್ಟು ಇದೆ. ಕುಶಲಕರ್ಮಿಗಳು ಅನುಭವದಿಂದ ಕಂಡುಕೊಂಡ ಈ ಅಳತೆಗಳನ್ನು ನಾವು ಭೌತವಿಜ್ಞಾನದ ಸರಳ ನಿಯಮಗಳಿಂದ ಪರೀಕ್ಷಿಸಬಹುದು. ಹಾಗೆ ಮಾಡಿದಾಗ ಅವು ಏನನ್ನು ಸಾಧಿಸುತ್ತವೆ, ಏನನ್ನು ಸಾಧಿಸಲಾರವು ಎಂಬ ಎರಡೂ ಸಂಗತಿಗಳು ತಿಳಿಯುತ್ತವೆ.

ಮರ ಮತ್ತು ರಚನೆ

ಉತ್ತಮ ಪೈಪುಗಳಿಗೆ ಬಳಸುವುದು ಬ್ರಯರ್ ಮರ. ಇದು ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಪ್ರದೇಶಗಳಲ್ಲಿ ಬೆಳೆಯುವ ಎರಿಕಾ ಆರ್ಬೋರಿಯ ಎಂಬ ಪೊದೆಗಿಡದ ಬುಡದ ಗಂಟು. ಕಾಡುಗಿಚ್ಚಿನಲ್ಲಿ ಗಿಡದ ಮೇಲ್ಭಾಗ ಸುಟ್ಟುಹೋದರೂ ಈ ಗಂಟಿನಿಂದ ಮತ್ತೆ ಚಿಗುರು ಬರುತ್ತದೆ. ಗಂಟನ್ನು ತುಂಡುಗಳಾಗಿ ಕೊಯ್ದು, ಗಂಟೆಗಟ್ಟಲೆ ನೀರಿನಲ್ಲಿ ಕುದಿಸಿ, ತಿಂಗಳುಗಟ್ಟಲೆ ನಿಧಾನವಾಗಿ ಒಣಗಿಸುತ್ತಾರೆ. ಫ್ರಾನ್ಸಿನ ಜ್ಯೂರಾ ಪ್ರಾಂತದ ಸೇಂಟ್ ಕ್ಲೋಡ್ ಪಟ್ಟಣ 19ನೇ ಶತಮಾನದ ಮಧ್ಯಭಾಗದಿಂದ ಈ ಕಸುಬಿಗೆ ಹೆಸರಾಗಿದೆ.

ಪೈಪಿನಲ್ಲಿ ಮೂರು ಭಾಗಗಳಿವೆ. ತಂಬಾಕು ತುಂಬುವ ಬಟ್ಟಲು, ಅದರಿಂದ ಹೊರಡುವ ದಂಡ, ದಂಡಕ್ಕೆ ಸೇರಿಸುವ ಎಬೊನೈಟ್ ಅಥವಾ ಅಕ್ರಿಲಿಕ್‌ನ ಬಾಯಿಕೊಳವೆ. ಕೈಯಿಂದ ಮಾಡುವವರು ಮೊದಲು ಮರದ ತುಂಡಿನ ಮೇಲೆ ನಿಜ ಅಳತೆಯ ಚಿತ್ರ ಬರೆದುಕೊಳ್ಳುತ್ತಾರೆ. ಹಲವರು ತುಂಡು ಇನ್ನೂ ಚೌಕವಾಗಿದ್ದು ಭದ್ರವಾಗಿ ಹಿಡಿಯಲು ಬರುವಾಗಲೇ ರಂಧ್ರಗಳನ್ನು ಕೊರೆದು, ಆಮೇಲೆ ಗರಗಸ, ಅರ, ಉಜ್ಜುಕಾಗದಗಳಿಂದ ಹೊರರೂಪ ಕೊಡುತ್ತಾರೆ. ರಂಧ್ರ ತಪ್ಪಿದರೆ ಹೊರಗಿನ ಅಂದದಿಂದ ಅದನ್ನು ಸರಿಪಡಿಸಲಾಗದು.

ಗೋಡೆ ಎಷ್ಟು ದಪ್ಪ?

ಮರದ ಉಷ್ಣವಾಹಕತೆ ತಾಮ್ರದ ಉಷ್ಣವಾಹಕತೆಯ ಸುಮಾರು ಎರಡು ಸಾವಿರದಲ್ಲಿ ಒಂದು ಪಾಲು. ಹಾಗಾದರೆ ಗೋಡೆ ದಪ್ಪವಾದಷ್ಟೂ ಒಳ್ಳೆಯದಲ್ಲವೆ? ಲೆಕ್ಕ ಮಾಡೋಣ. ಬಟ್ಟಲಿನ ಒಳವ್ಯಾಸ ಸಾಮಾನ್ಯವಾಗಿ 20 ಮಿ.ಮೀ. ಆಸುಪಾಸಿನಲ್ಲಿರುತ್ತದೆ, ಒಳತ್ರಿಜ್ಯ 10 ಮಿ.ಮೀ. ಎಂದಾಯಿತು. ಸಿಲಿಂಡರಿನ ಗೋಡೆ ಒಡ್ಡುವ ಉಷ್ಣತಡೆಯು ಹೊರತ್ರಿಜ್ಯ ಮತ್ತು ಒಳತ್ರಿಜ್ಯಗಳ ನಿಷ್ಪತ್ತಿಯ ಲಾಗರಿದಮ್‌ಗೆ ಅನುಪಾತದಲ್ಲಿರುತ್ತದೆ. ಗೋಡೆ 6 ಮಿ.ಮೀ. ಇದ್ದರೆ ನಿಷ್ಪತ್ತಿ 1.6, ಅದರ ಸ್ವಾಭಾವಿಕ ಲಾಗರಿದಮ್ 0.47. ಗೋಡೆಯನ್ನು 12 ಮಿ.ಮೀ. ಮಾಡಿದರೆ ನಿಷ್ಪತ್ತಿ 2.2, ಲಾಗರಿದಮ್ 0.79. ಅಂದರೆ ದಪ್ಪ ಎರಡು ಪಟ್ಟಾದರೂ ಉಷ್ಣತಡೆ ಹೆಚ್ಚಿದ್ದು ಸುಮಾರು 1.7 ಪಟ್ಟು ಮಾತ್ರ. ಆದರೆ ಗೋಡೆಯ ಮರದ ಗಾತ್ರ, ಅದರೊಡನೆ ತೂಕ, ಸುಮಾರು 2.5 ಪಟ್ಟಾಗುತ್ತದೆ.

ಈ ತೂಕವನ್ನು ಹೊರಬೇಕಾದದ್ದು ಹಲ್ಲುಗಳು. ಪೈಪಿನ ತೂಕ 50 ಗ್ರಾಂ, ಅದರ ಗುರುತ್ವಕೇಂದ್ರ ಹಲ್ಲಿನಿಂದ 10 ಸೆಂ.ಮೀ. ದೂರ, ಹಲ್ಲುಗಳು ಕಚ್ಚಿದ ಉದ್ದ 1.5 ಸೆಂ.ಮೀ. ಎಂದುಕೊಳ್ಳಿ. ಸನ್ನೆಯ ನಿಯಮದಂತೆ ಹಲ್ಲಿನ ಮೇಲೆ ಸುಮಾರು 330 ಗ್ರಾಂ ತೂಕದಷ್ಟು ಬಲ ಬೀಳುತ್ತದೆ! ಆದ್ದರಿಂದ ಕೈ ಸುಡದಿರಲು ಸಾಕಷ್ಟು ದಪ್ಪ, ಹಲ್ಲು ನೋಯದಿರಲು ಸಾಕಷ್ಟು ಹಗುರ ಎಂಬ ರಾಜಿಯೇ ಗೋಡೆಯ ಅಳತೆಯನ್ನು ನಿರ್ಧರಿಸುತ್ತದೆ.

ಹೊಗೆಯ ದಾರಿ

ದಂಡದ ರಂಧ್ರದ ವ್ಯಾಸ ಸಾಮಾನ್ಯವಾಗಿ 4 ಮಿ.ಮೀ. ಸಮೀಪದಲ್ಲಿರುತ್ತದೆ. ಒಂದು ಎಳೆತದಲ್ಲಿ 2 ಸೆಕೆಂಡಿಗೆ 35 ಮಿ.ಲೀ. ಹೊಗೆ ಸಾಗಿದರೆ ಅದರ ವೇಗ ಸೆಕೆಂಡಿಗೆ 1.4 ಮೀಟರು. ರೆನಾಲ್ಡ್ಸ್ ಸಂಖ್ಯೆ ಸುಮಾರು 370 ಬರುತ್ತದೆ. ಇದು 2000ಕ್ಕಿಂತ ಬಹಳ ಕಡಿಮೆಯಾದ್ದರಿಂದ ಹರಿವು ಶಾಂತವಾಗಿ, ಪದರ ಪದರವಾಗಿ ಇರುತ್ತದೆ. ಇಂಥ ಹರಿವಿಗೆ ಪ್ವಾಸೇ ನಿಯಮ ಅನ್ವಯಿಸುತ್ತದೆ: ತಡೆಯು ವ್ಯಾಸದ ನಾಲ್ಕನೇ ಘಾತಕ್ಕೆ ವಿಲೋಮ. ವ್ಯಾಸ 4ರಿಂದ 3 ಮಿ.ಮೀ.ಗೆ ಇಳಿದರೆ ತಡೆ ಮೂರು ಪಟ್ಟಿಗೂ ಹೆಚ್ಚು, 2 ಮಿ.ಮೀ. ಆದರೆ 16 ಪಟ್ಟು! ಬೈರಿಗೆಯ ಆಯ್ಕೆಯಲ್ಲಿ ಒಂದು ಮಿಲಿಮೀಟರಿಗೆ ಎಷ್ಟು ಬೆಲೆಯಿದೆ ನೋಡಿ. ರಂಧ್ರ ತೀರಾ ಅಗಲವಾದರೆ ತಂಬಾಕಿನ ಚೂರುಗಳು ಬಾಯಿಗೆ ಬರುತ್ತವೆ.

ಈ ರಂಧ್ರ ಬಟ್ಟಲಿನ ತಳದ ನಡುವಿಗೇ ಬಂದು ಸೇರಬೇಕು. ಎರಡು ಮಿಲಿಮೀಟರು ಮೇಲೆ ಸೇರಿದರೆ ಗಾಳಿ ತಳದ ಪದರದ ಮೂಲಕ ಹಾಯುವುದಿಲ್ಲ. ಅಲ್ಲಿನ ತಂಬಾಕು ಒದ್ದೆಯಾಗಿ ಉರಿಯದೆ ಉಳಿಯುತ್ತದೆ. ಹಾಗೆಯೇ ದಂಡ ಮತ್ತು ಬಾಯಿಕೊಳವೆ ಕೂಡುವಲ್ಲಿ ಸಂದು ಉಳಿದರೆ ಹೊಗೆಯಲ್ಲಿನ ನೀರಾವಿ ಅಲ್ಲಿ ತಣಿದು ಹನಿಯಾಗುತ್ತದೆ. ಪೈಪು ‘ಗೊಳಗೊಳ’ ಎನ್ನುವುದು ಆ ನೀರಿನಿಂದಲೇ.

ಉದ್ದವೋ, ನಿಧಾನವೋ?

ಉದ್ದ ಪೈಪಿನಲ್ಲಿ ಹೊಗೆ ಹೆಚ್ಚು ತಣಿಯುತ್ತದೆಂಬುದು ನಿಜ. ಮೇಲಿನ ವೇಗದಲ್ಲಿ, ಗೋಡೆ ತಂಪಾಗಿಯೇ ಇದೆ ಎಂದು ಭಾವಿಸಿದರೆ, ಹೊಗೆಗೂ ಗೋಡೆಗೂ ಇರುವ ಉಷ್ಣತೆಯ ಅಂತರ ಪ್ರತಿ 7 ಸೆಂ.ಮೀ.ಗೆ ಸುಮಾರು ಶೇ. 37ಕ್ಕೆ ಇಳಿಯುತ್ತದೆ. ಈ ಲೆಕ್ಕದಲ್ಲಿ ಕೊಳವೆಯ ವ್ಯಾಸ ಬರುವುದೇ ಇಲ್ಲ ಎಂಬುದು ಸ್ವಾರಸ್ಯ. ಅಗಲ ಕೊಳವೆಯಲ್ಲಿ ಗೋಡೆಯ ವಿಸ್ತಾರ ಹೆಚ್ಚು, ಆದರೆ ಉಷ್ಣವು ಗೋಡೆ ತಲುಪಲು ಸಾಗಬೇಕಾದ ದೂರವೂ ಹೆಚ್ಚು. ಎರಡೂ ಪರಸ್ಪರ ರದ್ದಾಗುತ್ತವೆ. ಆದರೆ ಹರಿವು ಅರ್ಧಕ್ಕಿಳಿದರೆ 7 ಸೆಂ.ಮೀ. ಬದಲು ಮೂರೂವರೆ ಸೆಂ.ಮೀ. ಸಾಕು. ಆರಂಭದ ಅಂತರ 200 ಡಿಗ್ರಿ ಎಂದಿಟ್ಟುಕೊಂಡರೆ 14 ಸೆಂ.ಮೀ. ದಾರಿಯ ಕೊನೆಗೆ ಉಳಿಯುವುದು ಮೊದಲ ಸಂದರ್ಭದಲ್ಲಿ ಸುಮಾರು 27 ಡಿಗ್ರಿ, ಎರಡನೆಯದರಲ್ಲಿ ಸುಮಾರು 4 ಡಿಗ್ರಿ.

ಅಳತೆಗೆ ಸಿಗದ ವಿಷ

‘ತಂಪಾದ ಹೊಗೆ ಹಾನಿ ಮಾಡದು’ ಎಂಬ ನಂಬಿಕೆ ಹಲವರಲ್ಲಿದೆ. ಇದನ್ನೂ ಪರೀಕ್ಷಿಸೋಣ. ಕಾರ್ಬನ್ ಮಾನಾಕ್ಸೈಡ್ ದ್ರವವಾಗಬೇಕಾದರೆ ಉಷ್ಣತೆ −191.5 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯಬೇಕು; ಯಾವ ಪೈಪಿಗೂ ಅದು ಸಾಧ್ಯವಿಲ್ಲ. ಟಾರಿನ ಕಣಗಳು ಬಹುಪಾಲು ಒಂದು ಮೈಕ್ರೊಮೀಟರಿಗಿಂತ ಚಿಕ್ಕವು. ಜಡತ್ವ ಅತ್ಯಲ್ಪವಾದ್ದರಿಂದ ಅವು ಗೋಡೆಗೆ ಬಡಿಯದೆ ಹರಿವಿನೊಂದಿಗೆ ತಿರುಗಿ ಬಾಯಿ ಸೇರುತ್ತವೆ. ಪೈಪು ಸೇದುವವರಲ್ಲಿ ತುಟಿ, ಬಾಯಿ, ಗಂಟಲು, ಶ್ವಾಸಕೋಶಗಳ ಕ್ಯಾನ್ಸರ್ ಹೆಚ್ಚು ಎಂಬುದು ಸ್ಥಾಪಿತವಾದ ಸಂಗತಿ. ಸರಿಯಾದ ಅಳತೆ ಕೈಯನ್ನೂ ನಾಲಗೆಯನ್ನೂ ಸುಡದಂತೆ ಕಾಯಬಲ್ಲದು, ಜೀವಕೋಶಗಳನ್ನು ಕಾಯಲಾರದು. ಕೆತ್ತುವವರಿಗೂ ಅಪಾಯವಿದೆ. ಮರದ ಹುಡಿಯನ್ನೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿ ಸೇರಿಸಿದೆ, ಮುಖವಾಡವಿಲ್ಲದೆ ಉಜ್ಜಬಾರದು.

ತರಗತಿಯಲ್ಲಿ ಮಾಡಿ ನೋಡಿ

ಇಲ್ಲಿನ ಭೌತವಿಜ್ಞಾನ ಕಲಿಯಲು ತಂಬಾಕು ಬೇಕಿಲ್ಲ. ತಳದಲ್ಲಿ ತೂತಿರುವ ಎರಡು ಒಂದೇ ಬಗೆಯ ಬಾಟಲಿಗಳಿಗೆ 10 ಸೆಂ.ಮೀ. ಉದ್ದದ, 2 ಮತ್ತು 4 ಮಿ.ಮೀ. ಒಳವ್ಯಾಸದ ಕೊಳವೆಗಳನ್ನು ಜೋಡಿಸಿ. ಎರಡರಲ್ಲೂ ಒಂದೇ ಮಟ್ಟಕ್ಕೆ ಕಡಲೆಕಾಯಿ ಎಣ್ಣೆ ತುಂಬಿ. 20 ಮಿ.ಲೀ. ಎಣ್ಣೆ ಹರಿದುಬರಲು ಹಿಡಿಯುವ ಕಾಲವನ್ನು ಗಡಿಯಾರದಿಂದ ಅಳೆಯಿರಿ. ಎರಡು ಕಾಲಗಳ ನಿಷ್ಪತ್ತಿ 16ಕ್ಕೆ ಎಷ್ಟು ಹತ್ತಿರ ಬರುತ್ತದೆ? ಬಾರದಿದ್ದರೆ ಏಕೆ? ಕೊಳವೆಯ ವ್ಯಾಸವನ್ನು ಅಳೆಯುವಲ್ಲಿ ಶೇ. 5ರಷ್ಟು ತಪ್ಪಿದರೆ ಉತ್ತರದಲ್ಲಿ ಸುಮಾರು ಶೇ. 20ರಷ್ಟು ತಪ್ಪುತ್ತದೆ ಎಂಬುದನ್ನು ವಿದ್ಯಾರ್ಥಿಗಳೇ ಕಂಡುಕೊಳ್ಳಲಿ.